ತಂತಿಯ ಕಳ್ಳ

“ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡಬೇಕು, ಬುದ್ಧಿ?” ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಮಠದ ದಾಸೋಹದ ಹೊಣೆ ಅವನದು. ಮೊದಲು ಒಂದೊಂದು ಶಾಖಾಮಠದಲ್ಲೂ ಪಂಕ್ತಿ ನೋಡಿಕೊಂಡು ಅಲ್ಲಿಯೇ ಅನ್ನಕ್ಕಿಡುತ್ತಿದ್ದರು. ಅದು ಶಿಸ್ತಲ್ಲವೆಂದು ಮರುಳಸಿದ್ಧ ಅಡುಗೆಯನ್ನೆಲ್ಲ ದೊಡ್ಡ ಮಠಕ್ಕೆ ತಂದ. ಅನ್ನ ಇಲ್ಲಿಂದ ವ್ಯಾನಿನಲ್ಲಿ ಹೋಗತೊಡಗಿತು. ಅಂದಿನಿಂದ ಕೊನೆಯ ಶಾಖೆಯ ಪಂಕ್ತಿಗೆ ಅನ್ನ ಸಾಲುತ್ತಿಲ್ಲ. ಅಲ್ಲಿ ಬಡಿಸುವ ರುದ್ರಯ್ಯನೇ ಕದಿಯುತ್ತಿದ್ದಾನೆ ಎಂದು ತೀರ್ಮಾನಿಸಿ, ಅವನನ್ನು ಗಂಟುಮೂಟೆ ಸಮೇತ ಕರೆಸಿದ್ದ. ರುದ್ರಯ್ಯ ಹೊರಗೆ ಜಗುಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ.

ಗುರುಗಳು ಹೇಳತೊಡಗಿದರು.

ಒಬ್ಬ ವಿದ್ಯುತ್ ಅಧಿಕಾರಿಯಿದ್ದ. ಅವನ ಸ್ಟೇಷನ್ನಿನಿಂದ ಹೊರಟ ತಂತಿ ಹಲವು ಊರು ದಾಟಿ ಒಬ್ಬ ರೈತನ ಪಂಪಿನಲ್ಲಿ ಮುಗಿಯುತ್ತಿತ್ತು. ಆ ಸೀಮೆಯಲ್ಲಿ ಒಂದು ರೂಢಿ. ಪ್ರತಿ ಪಂಪ್‌ಮನೆಯಲ್ಲೂ ಒಂದು ಬಲ್ಬು, ವೋಲ್ಟೇಜು ಎತ್ತಿ ಹಿಡಿಯಲು ಒಂದು ಕೆಪಾಸಿಟರ್ ಡಬ್ಬಿ. ಬಲ್ಬು ಮಂಕಾದರೆ ಡಬ್ಬಿ ಹಾಕುವುದು, ಹೆಚ್ಚು ಉರಿದರೆ ತೆಗೆಯುವುದು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಹೊಸದಾಗಿ ಬಂದ ಅಧಿಕಾರಿಗೆ ಇದನ್ನು ಕಂಡು ಮೈಯುರಿಯಿತು. ಕಂಡಕಂಡವರೆಲ್ಲ ಯಜಮಾನರಾದರೆ ಊರು ಉದ್ಧಾರವಾದೀತೇ? ಡಬ್ಬಿಗಳನ್ನೆಲ್ಲ ಬಿಚ್ಚಿಸಿ ತರಿಸಿದ. ಒಂದನ್ನೂ ಎಸೆಯಲಿಲ್ಲ, ಪುಣ್ಯಾತ್ಮ. ಎಲ್ಲವನ್ನೂ ಸ್ಟೇಷನ್ನಿನಲ್ಲಿ ಸಾಲಾಗಿ ಕೂರಿಸಿ, ತನ್ನ ಕೈಯ ಒಂದು ಸ್ವಿಚ್ಚಿಗೆ ಕಟ್ಟಿಸಿದ.

ಬೇಸಿಗೆ ಬಂತು. ಕೊನೆಯ ಊರಿನಲ್ಲಿ ಪಂಪು ನರಳಿತು. ಅಧಿಕಾರಿ ಸ್ಟೇಷನ್ನಿನಿಂದ ವೋಲ್ಟೇಜು ಏರಿಸಿ ಕಳಿಸಿದ. ಹತ್ತಿರದ ಊರಿನ ಬಲ್ಬುಗಳು ಪಟಪಟನೆ ಸಿಡಿದವು, ಕೊನೆಯದು ಮಂಕಾಗಿಯೇ ಉಳಿಯಿತು. ಹೊರಟ ವಿದ್ಯುತ್ತಿಗೂ ಮುಟ್ಟಿದ್ದಕ್ಕೂ ತಾಳೆಯೇ ಆಗಲಿಲ್ಲ. ನಡುವೆ ಕಳ್ಳನಿದ್ದಾನೆ, ತುದಿಯ ರೈತನೇ ತಂತಿಗೆ ಕೊಕ್ಕೆ ಹಾಕಿದ್ದಾನೆ ಎಂದು ಪೊಲೀಸರಿಗೆ ದೂರು ಕೊಟ್ಟ. ಊರೆಲ್ಲ ನೋಡುತ್ತಿರುವಾಗ ರೈತನನ್ನು ಜೀಪಿಗೆ ಹತ್ತಿಸಿದರು.

ಮರುದಿನವೂ ನಷ್ಟ ಹಾಗೆಯೇ ಇತ್ತು. ಅಧಿಕಾರಿ ಉರಿಬಿಸಿಲಿನಲ್ಲಿ ತಂತಿಯ ಕೆಳಗೆ ತಾನೇ ನಡೆದ. ಎಲ್ಲೂ ಕೊಕ್ಕೆಯಿಲ್ಲ. ತಂತಿ ಮಾತ್ರ ಕಾದು ಜೋತುಬಿದ್ದಿತ್ತು. ರೈತನ ಹೆಂಡತಿ ಪಂಪ್‌ಮನೆಯ ಬಾಗಿಲಲ್ಲಿ ನಿಂತಿದ್ದಳು.

“ಈ ಬಲ್ಬು ಯಾವಾಗಿನಿಂದ ಹೀಗಿದೆ, ತಾಯಿ?”

“ನಿಮ್ಮ ಜನ ಬಂದು ಡಬ್ಬಿ ಬಿಚ್ಕೊಂಡು ಹೋದ್ರಲ್ಲ ಸ್ವಾಮಿ, ಆವತ್ತಿಂದ.”

ಅಧಿಕಾರಿ ತಲೆಯೆತ್ತಿ ಜೋತುಬಿದ್ದ ತಂತಿಯನ್ನು ನೋಡಿದ. ಓದಿದ್ದೆಲ್ಲ ಒಮ್ಮೆಲೇ ನೆನಪಾಯಿತು. ಮೋಟಾರು ಎಳೆಯುವ ವಿದ್ಯುತ್ತಿನಲ್ಲಿ ಒಂದು ಪಾಲು ಕೆಲಸ ಮಾಡದೆ ಸುಮ್ಮನೆ ಹೋಗಿ ಬರುತ್ತದೆ, ತಂತಿಯನ್ನು ಕಾಯಿಸುತ್ತದೆ. ಮೋಟಾರಿನ ಪಕ್ಕದಲ್ಲಿ ಡಬ್ಬಿಯಿದ್ದರೆ ಆ ಓಡಾಟ ಅಲ್ಲಿಗಲ್ಲಿಗೇ ಮುಗಿಯುತ್ತದೆ. ಡಬ್ಬಿ ಸ್ಟೇಷನ್ನಿನಲ್ಲಿ ಕೂತರೆ ತಂತಿಯುದ್ದಕ್ಕೂ ಓಡಾಡಬೇಕು. ಯಾರೂ ಕದ್ದಿರಲಿಲ್ಲ, ದಾರಿಯಲ್ಲೇ ಬೆಂದುಹೋಗಿತ್ತು. ಇದು ಅವನಿಗೆ ಗೊತ್ತಿಲ್ಲದ ಪಾಠವಲ್ಲ. ಸ್ವಿಚ್ಚು ಕೈಗೆ ಬಂದಾಗ ಮರೆತಿದ್ದ.

ಠಾಣೆಗೆ ಓಡಿದ. ಬಿಡುಗಡೆಯಾದ ರೈತ ಹೊರಗೆ ಬಂದು ಅವನ ಮುಖವನ್ನೇ ನೋಡಿದ. “ಕಳ್ಳ ಸಿಕ್ಕಿದ್ನಾ, ಸ್ವಾಮಿ?” ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮರುಳಸಿದ್ಧನಿಗೆ ಕೊಪ್ಪರಿಗೆಗಳು ನೆನಪಾದವು. ಕೊನೆಯ ಶಾಖೆಯಿಂದ ಹಿಂದಿರುಗುವ ಕೊಪ್ಪರಿಗೆಗಳಲ್ಲಿ ಹಳಸಿದ ಅನ್ನದ ನಾತ. ಮೂಗು ಮುಚ್ಚಿಕೊಂಡು ಅವನ್ನು ದಿನವೂ ತೊಳೆಸುತ್ತಿದ್ದವನು ತಾನೇ. ವ್ಯಾನಿನಲ್ಲಿ ಕೆಟ್ಟದ್ದನ್ನು ರುದ್ರಯ್ಯ ಎಲೆಗೆ ಬಡಿಸಿರಲಿಲ್ಲ, ಅಷ್ಟೇ. ಮರುಳಸಿದ್ಧ ಕೇಳಿದ, “ಅಧಿಕಾರಿ ಏನು ಹೇಳಿದ, ಬುದ್ಧಿ?”

“ಜಗುಲಿಯಲ್ಲಿ ಕೂತವನಿಗೆ ನೀನೀಗ ಏನು ಹೇಳುತ್ತೀಯೋ, ಅದನ್ನೇ.”