ಗಂಜಿಯವ್ವನ ಬಾಗಿಲು

“ಗುರುಗಳೇ, ದೊಡ್ಡವರ ನೆರವು ಸಣ್ಣ ಕೆಲಸವನ್ನು ಬೆಳೆಸುತ್ತದೆಯೋ, ನುಂಗಿಹಾಕುತ್ತದೆಯೋ?” ಎಂದು ಶಿಷ್ಯ ಕೇಳಿದ. ಗುರುಗಳು ಈ ಕತೆ ಹೇಳಿದರು.

ಶತ್ರುಗಳು ಊರಿಗೆ ಬೆಂಕಿಯಿಟ್ಟಾಗ ಜನ ಹೊಳೆ ದಾಟಿ ಪರನಾಡಿಗೆ ಓಡಿಬಂದರು. ಅವರಲ್ಲೊಬ್ಬಳು ಹಾಳುಬಿದ್ದ ಛತ್ರದಲ್ಲಿ ಒಲೆ ಹೂಡಿ, ತನ್ನಂತೆ ಓಡಿಬಂದವರಿಗೆ ಗಂಜಿ ಕಾಯಿಸತೊಡಗಿದಳು. ಜನ ಅವಳನ್ನು ಗಂಜಿಯವ್ವ ಎಂದರು. ಶತ್ರುವಿನ ಗೂಢಚಾರ ಒಳಗೆ ನುಸುಳಿಯಾನೆಂಬ ಹೆದರಿಕೆ ಅವಳಿಗೆ. ಅದಕ್ಕೇ ಬಾಗಿಲಲ್ಲಿ ತನ್ನವರೊಬ್ಬರನ್ನು ನಿಲ್ಲಿಸಿ, ಬಂದವರನ್ನೆಲ್ಲ “ಯಾವ ಊರು?” ಎಂದು ಕೇಳಿಸುತ್ತಿದ್ದಳು. ಯಾರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಿಲ್ಲವೆಂಬ ಸಮಾಧಾನ ಮಾತ್ರ ಅವಳಿಗಿತ್ತು.

ಒಂದು ದಿನ ಒಬ್ಬ ವರ್ತಕ ಬಂದು, ಮೂರು ವರ್ಷಕ್ಕಾಗುವಷ್ಟು ಅಕ್ಕಿಯನ್ನೂ ಇಬ್ಬರು ಆಳುಗಳ ಕೂಲಿಯನ್ನೂ ಕೊಡುತ್ತೇನೆಂದ. ಗಂಜಿಯವ್ವ ಅನುಮಾನಪಟ್ಟಳು. ಸುಮ್ಮಸುಮ್ಮನೆ ಯಾರು ಕೊಡುತ್ತಾರೆ? ನಾಳೆ ಇವನು ಛತ್ರವೇ ತನ್ನದೆಂದರೆ ಇಷ್ಟು ಜನವನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

“ಸೌಟು ನಿಮ್ಮ ಕೈಯಲ್ಲೇ ಇರಲಿ, ತಾಯಿ. ಯಾರಿಗೆ ಬಡಿಸಿದಿರೆಂದು ನಾನು ಕೇಳುವುದಿಲ್ಲ. ಆದರೆ ನೀವು ಒಲೆ ಬಿಟ್ಟು ಕದಲಿದವರಲ್ಲ. ಒಂದು ದಿನ ಬೀದಿಯ ಆಚೆ ಕೂತು ನಿಮ್ಮ ಬಾಗಿಲನ್ನು ನೋಡಿ,” ಎಂದ ವರ್ತಕ.

ಅವಳು ಅಳುಕುತ್ತಲೇ ಒಪ್ಪಿದಳು. ಅಕ್ಕಿಯೂ ಆಳುಗಳೂ ಬಂದ ಮೇಲೆ, ಒಂದು ದಿನ ಒಲೆಯನ್ನು ಆಳುಗಳಿಗೆ ಒಪ್ಪಿಸಿ ಬೀದಿಯ ಆಚೆ ಕೂತಳು. ಮಧ್ಯಾಹ್ನ ಒಬ್ಬ ಹೆಂಗಸು ಬಾಗಿಲ ತನಕ ಬಂದಳು. ಒಳಗಿಂದ “ಯಾವ ಊರು?” ಎಂದದ್ದೇ ತಡ, ಸರಕ್ಕನೆ ತಿರುಗಿ ನಡೆದಳು. ಗಂಜಿಯವ್ವ ಹಿಂದೆಯೇ ಓಡಿ ಕೈ ಹಿಡಿದಳು.

“ಹೊಡೀಬೇಡ್ರವ್ವಾ!” ಎಂದು ಆ ಹೆಂಗಸು ಕುಸಿದು ಕೂತಳು. ಊರು ಸುಟ್ಟವರ ಮಾತಿನ ರಾಗವೇ ಅದು. ಗಂಜಿಯವ್ವ ಬಗ್ಗಿ ಅವಳ ಮುಖ ನೋಡಿದಳು.

“ನಿಮ್ಮವರಿಗೆ ಹೆದರಿ ನಾವು ಓಡಿಬಂದ್ವಿ. ನೀನ್ಯಾಕೆ ಬಂದೆ?”

“ಬೆಂಕಿ ಇಡಾಕೆ ನನ್ನ ಗಂಡ ಒಪ್ಪಲಿಲ್ಲ. ಅವನನ್ನೂ ಸುಟ್ರು.”

ಒಳಗೆ ಕರೆದೊಯ್ದರೆ ತನ್ನವರೇ ತಿರುಗಿಬೀಳಬಹುದು. ಆ ಭಯವಿದ್ದರೂ ಹಿಡಿದ ಕೈ ಬಿಡದೆ ಕರೆತಂದು ಕೂರಿಸಿದಳು. ತಾನೇ ಸೌಟು ಹಿಡಿದು ಬಡಿಸಿದಳು. ಸೌದೆ, ನೀರು ಹೊತ್ತು ನೆರವಾಗುತ್ತಿದ್ದ ಹತ್ತಾರು ಮಂದಿ ಉಣ್ಣುವುದನ್ನು ಬಿಟ್ಟು ಎದ್ದೇ ಹೋದರು. ಅಕ್ಕಿಯಿತ್ತು, ಆಳುಗಳಿದ್ದರು, ಹೋದವರು ಮುನಿಸು ಬಿಟ್ಟು ಮರಳುವ ತನಕ ಒಲೆ ಆರಲಿಲ್ಲ. ಮಾರನೆಯ ದಿನದಿಂದ ಬಾಗಿಲಲ್ಲಿ “ಉಂಡಿದ್ದೀಯಾ?” ಎಂದಷ್ಟೇ ಕೇಳಿದರು. ವರ್ಷದೊಳಗೆ ಒಂದು ಒಲೆ ಮೂರಾಯಿತು. ನಾಲ್ಕು ನುಡಿಯವರು ಒಂದೇ ಪಂಕ್ತಿಯಲ್ಲಿ ಉಂಡರು.

ಶಿಷ್ಯನ ಮನಸ್ಸು ಹಗುರಾಯಿತು. “ಹಾಗಾದರೆ ನೆರವು ಬೆಳೆಸಿತು, ಗುರುಗಳೇ,” ಎಂದ.

“ಬೆಳೆಸಿತು; ಆದರೆ ಅದಕ್ಕೂ ಮೊದಲು ‘ಯಾವ ಊರು?’ ಎಂಬ ಮಾತಿಗೆ ಹೆದರಿ ಆ ಬಾಗಿಲಿಂದ ಹಸಿದೇ ತಿರುಗಿ ಹೋದವರು ಏನಾದರೆಂದು ಗಂಜಿಯವ್ವ ಸಾಯುವ ತನಕ ಹುಡುಕಿದಳು, ನೀನು ಅವರ ಬಗ್ಗೆ ಕೇಳಲೂ ಇಲ್ಲ,” ಎಂದರು ಗುರುಗಳು.