ಎತ್ತಿನೊಡನೆ ಆಡಿದ ಮಾತು

"ನಿಯಮ ಯಾವುದನ್ನು ಬೇಡವೆಂದಿಲ್ಲವೋ ಅದನ್ನೆಲ್ಲ ಮಾಡಬಹುದೇ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ. ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಇಬ್ಬರು ರೈತರು, ಅಣ್ಣತಮ್ಮಂದಿರು. ತಾಯಿಯಿಲ್ಲದ ತಮ್ಮನನ್ನು ಅಣ್ಣನೇ ಹೆಗಲ ಮೇಲೆ ಹೊತ್ತು ಬೆಳೆಸಿದ್ದ. ಆ ಹೊಣೆಯಲ್ಲಿ ತಾನು ಮದುವೆಯನ್ನೂ ಆಗಲಿಲ್ಲ. ಮುಂದೆ ಬಾವಿ ನೀರಿನ ಸರದಿಗಾಗಿ ಜಗಳ ಹತ್ತಿತು. ಮಾತಿಗೆ ಮಾತು ಬೆಳೆದು ಒಂದು ದಿನ ಇಬ್ಬರೂ ಕುಡುಗೋಲು ಎತ್ತಿದರು. ಊರ ಹಿರಿಯರು ಓಡಿಬಂದು ಬಿಡಿಸಿ ಕಟ್ಟಳೆ ಹಾಕಿದರು: ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯಕೂಡದು, ಒಬ್ಬರೊಡನೊಬ್ಬರು ಮಾತಾಡಕೂಡದು. ಮೀರಿದವನು ಊರು ಬಿಡಬೇಕು.

ಸುಗ್ಗಿಯ ಹೊತ್ತಿಗೆ ಅಣ್ಣ ಜ್ವರದಿಂದ ಮಲಗಿದ. ಪಕ್ಕದ ಮನೆಯ ಮುದುಕಿ ಗಂಜಿ ತಂದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. "ಯಾರಿಗಾಗಿ ಕುಡಿಯಲಿ?" ಎನ್ನುತ್ತಿದ್ದ. ಮುದುಕಿ ಬಂದು ಇದನ್ನು ತಮ್ಮನಿಗೆ ಹೇಳಿದಳು. ತಮ್ಮ ಉಣ್ಣುವುದನ್ನು ಬಿಟ್ಟು ಎದ್ದ. ಅಣ್ಣನ ಹೊಸ್ತಿಲವರೆಗೆ ಹೋದ, ನಿಂತ, ಹಿಂತಿರುಗಿದ. ಊರು ಬಿಟ್ಟರೆ ಅಣ್ಣನ ಮುಖ ಕಾಣುವುದೂ ತಪ್ಪುತ್ತದೆ.

ಮರುದಿನ ಬೆಳಿಗ್ಗೆ ತನ್ನ ಎತ್ತನ್ನು ಹೊಡೆದುಕೊಂಡು ಹೋಗಿ ಅಣ್ಣನ ಕಿಟಕಿಯ ಕೆಳಗೆ ನಿಲ್ಲಿಸಿದ. ಅದರ ಕೊರಳು ತಡವುತ್ತ ಗಟ್ಟಿಯಾಗಿ ಹೇಳಿದ: "ಹಟ ಮಾಡಬೇಡ, ಕುಡಿ. ನೀನು ಹೋದರೆ ನನ್ನನ್ನು ಬೈಯುವವರು ಯಾರಿದ್ದಾರೆ?"

 ಒಳಗಿನಿಂದ ಅಣ್ಣ ಮುದುಕಿಗೆ ಹೇಳಿದ್ದು ಕೇಳಿಸಿತು: "ಗಂಜಿಗೆ ಉಪ್ಪು ಸಾಲದು." ತಮ್ಮ, ಎತ್ತಿನ ಕೊರಳಿಗೆ ಮುಖವಿಟ್ಟು ಅತ್ತ.

ಅಂದಿನಿಂದ ಎತ್ತಿಗೆ ದಿನವೂ ಉಪದೇಶ ನಡೆಯಿತು. ಅಣ್ಣ ಎದ್ದು ಕೂತ. ಯಾರೋ ದೂರು ಒಯ್ದರು. ಕಟ್ಟಳೆ ಹಾಕಿದ ಹಿರಿಯರ ಮುಖಂಡ, ತಮ್ಮನನ್ನು ಕರೆಸಿದ.

"ಅಣ್ಣನೊಡನೆ ಮಾತಾಡಿದೆಯಾ?"

"ಇಲ್ಲ, ಎತ್ತಿನೊಡನೆ ಆಡಿದೆ."

 "ಆ ಎತ್ತಿಗೆ ಕಿವಿ ಮಂದವಂತೆ. ನಾಳೆಯಿಂದ ಒಳಗೆ ಹೋಗಿ, ಹತ್ತಿರ ಕೂತು ಹೇಳು" ಎಂದ ಹಿರಿಯ.

ಚೆನ್ನಮಲ್ಲ ನಕ್ಕ. "ಹಾಗಾದರೆ ಕಟ್ಟಳೆಯಲ್ಲಿ ಸಂದು ಸಿಕ್ಕರೆ ಸಾಕು, ಗುರುಗಳೇ" ಎಂದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ಮಗು, ಆ ಕಟ್ಟಳೆ ಹುಟ್ಟಿದ್ದೇ ಇಬ್ಬರೂ ಬದುಕಿರಲಿ ಎಂದು."