ಒಂದು ಕೈಯಲ್ಲಿ ಎರಡು ತಂಡ

"ಅಜ್ಜಾರ, ನನ್ನ ಮನಸ್ಸಿನ್ಯಾಗ ಭೇದ ಇಲ್ಲ. ಎರಡೂ ಮ್ಯಾಳ ನನ್ನವ. ಯಾವುದು ಗೆದ್ದರೂ ನನಗ ಅಷ್ಟ ಸಂತೋಷ. ಹಂಗಿದ್ದ ಮ್ಯಾಲ ಒಂದನ್ನ ಯಾಕ ಬಿಡಬೇಕು?"

ಕೇಳಿದವನು ಬಸಲಿಂಗಪ್ಪ, ಎಣ್ಣೆ ಗಾಣದ ಯಜಮಾನ, ಮಠದ ಹಳೆಯ ಶಿಷ್ಯ. ತನ್ನ ಊರಿನಲ್ಲೊಂದು, ಹೆಂಡತಿಯ ತವರಿನಲ್ಲೊಂದು, ಹೀಗೆ ಎರಡು ಭಜನಾ ಮೇಳಗಳನ್ನು ಸಾಕಿದ್ದ. ಪೇಟಿ, ತಬಲಾ, ತಾಳ, ಹಾಡುವವರ ಊಟ, ಎಲ್ಲವೂ ಅವನದೇ. ಶ್ರಾವಣದಲ್ಲಿ ಮಠದ ಅಂಗಳದಲ್ಲಿ ನಡೆಯುವ ಭಜನಾ ಸ್ಪರ್ಧೆಗೆ ಈ ಸಲ ಎರಡೂ ಮೇಳಗಳು ಹೆಸರು ಕೊಟ್ಟಿದ್ದವು. ಸ್ಪರ್ಧೆ ನಡೆಸುವ ಹಿರಿಯರು ಒಪ್ಪಲಿಲ್ಲ. ಒಬ್ಬ ಯಜಮಾನನಿಗೆ ಒಂದೇ ಮೇಳ, ಇನ್ನೊಂದನ್ನು ಹಿಂದಕ್ಕೆ ಕರೆಸಿಕೋ ಎಂದಿದ್ದರು. ಗುರುಗಳು ಒಂದು ಮಾತು ಹೇಳಿದರೆ ಹಿರಿಯರು ಸುಮ್ಮನಾಗುತ್ತಾರೆ ಎಂದು ಅವನು ನಂಬಿ ಬಂದಿದ್ದ.

"ಬೇಕಾದರ ಒಂದನ್ನ ಅಳಿಯನ ಹೆಸರಿಗೆ ಮಾಡತೀನಿ," ಎಂದೂ ಸೇರಿಸಿದ.

ಗುರುಗಳು ದಣಿದಿದ್ದರು. ಬೆಳಗಿನಿಂದ ಜನ ಬಂದು ಹೋಗಿದ್ದರು. ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ತಂದಿದ್ದರು, ಆದರೆ ಎಲ್ಲರಿಗೂ ಬೇಕಾಗಿದ್ದದ್ದು ತಾವು ಆಗಲೇ ತೀರ್ಮಾನಿಸಿದ್ದಕ್ಕೆ ಗುರುಗಳ ಒಂದು ಹೂಂ. ಹೂಂ ಅಂದು ಕಳಿಸಿಬಿಡಬಹುದಿತ್ತು. ಅವರು ಗೋಡೆಗೆ ಒರಗಿ, ಕಾಲು ಚಾಚಿ, ಕೂಡು ಎಂದು ಕೈಸನ್ನೆ ಮಾಡಿದರು. ಪೂರ್ವಾಶ್ರಮದಲ್ಲಿ ಅವರು ಸರಕಿನ ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವರು. ದೂರದ ಬಂದರುಗಳಲ್ಲಿ ಕೇಳಿದ ಕತೆಗಳು ಅವರಲ್ಲಿ ಬಹಳ ಇದ್ದವು. ಅವುಗಳಲ್ಲಿ ಒಂದನ್ನು ಹೇಳತೊಡಗಿದರು.

ಯೂರೋಪಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕತೆ ಮುಗಿಯುವವರೆಗೂ ಅವನ ಕಳ್ಳತನ ಹುಡುಕುತ್ತ ಕೂರಬೇಡ. ಅವನಿಗೆ ಕಾಲ್ಚೆಂಡಿನ ಆಟದ ಹುಚ್ಚು. ಆ ಸೀಮೆಯಲ್ಲಿ ದುಡ್ಡಿದ್ದವರು ತಂಡಗಳನ್ನೇ ಕೊಳ್ಳುತ್ತಾರೆ, ನಾವು ಸಂತೆಯಲ್ಲಿ ಜೋಡೆತ್ತು ಕೊಂಡಂತೆ. ಅವನು ಒಂದು ದೇಶದ ರಾಜಧಾನಿಯಲ್ಲಿದ್ದ ದೊಡ್ಡ ತಂಡವನ್ನು ಕೊಂಡ. ಕೆಲವು ವರ್ಷಗಳ ಮೇಲೆ ಪಕ್ಕದ ದೇಶದ ಒಂದು ಸಣ್ಣ ಬಂದರು ಊರಿನ ತಂಡವನ್ನೂ ಕೊಂಡ. ಆ ತಂಡ ಮುಚ್ಚಿಹೋಗುವುದರಲ್ಲಿತ್ತು. ಅವನು ಕೈ ಹಿಡಿಯದಿದ್ದರೆ ಅದರ ಮೈದಾನದಲ್ಲಿ ಮನೆಗಳು ಏಳುತ್ತಿದ್ದವು. ಊರಿನವರು ಅವನನ್ನು ಮನಸಾರೆ ಹರಸಿದರು.

ಆ ಬಂದರಿನ ತಂಡದಲ್ಲಿ ಗೋಲು ಕಾಯುವವನೊಬ್ಬ ಇದ್ದ. ಬೆಳಿಗ್ಗೆ ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಮೀನು ಆರಿಸುವ ಕೆಲಸ, ಸಂಜೆ ಆಟ. ಅವನಿಗಿಂತ ಮೊದಲು ಅವನ ಅಪ್ಪ ಅದೇ ಗೋಲು ಕಾದಿದ್ದ. ನೆಲದ ಮೇಲೆ ಉರುಳಿ ಬರುವ ಚೆಂಡನ್ನು ಕೈಯೊಂದನ್ನೇ ನಂಬಿ ಹಿಡಿಯಬೇಡ, ಕೈಯ ಹಿಂದೆ ಮೊಣಕಾಲು ಊರು ಎಂದು ಅಪ್ಪ ಕಲಿಸಿದ್ದ. ಮಗ ಹಾಗೆಯೇ ಊರುತ್ತ ಬಂದ. ಊರಿ ಊರಿ ಮೊಣಕಾಲು ಸವೆದಿತ್ತು. ಮಳೆಗಾಲದಲ್ಲಿ ಮೆಟ್ಟಿಲು ಹತ್ತಲು ಕಷ್ಟವಾಗುತ್ತಿತ್ತು. ಇನ್ನೊಂದು ವರ್ಷ, ಇನ್ನೊಂದೇ ವರ್ಷ ಎಂದುಕೊಂಡು ಆಡುತ್ತಿದ್ದ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ತಂಡ ಸೋತ ದಿನ ಗೋಲು ಕಾಯುವವನು ಮೀನು ಪೇಟೆಯ ನಡುವೆ ಹಾದು ಮನೆಗೆ ಹೋಗಬೇಕು. ಪೇಟೆಯವರು ಅವನಿಗೆ ಬಾಯಿಗೆ ಬಂದಂತೆ ಬೈಯಬೇಕು. ಮುದುಕಿಯರೂ ಬಿಡುತ್ತಿರಲಿಲ್ಲ. ನಿನ್ನ ಕೈಗೆ ಬೆಣ್ಣೆ ಹಚ್ಚಿದ್ದರೇ, ಚೆಂಡು ಬಂದಾಗ ನಿದ್ದೆಯೇ ಎಂದು ಅವನ ಏಳು ತಲೆಮಾರನ್ನೂ ಜಾಲಾಡುತ್ತಿದ್ದರು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಪೇಟೆಯ ಕೊನೆಯಲ್ಲಿ ಯಾರಾದರೂ ಅವನ ಕೈಹಿಡಿದು ಕೂರಿಸಿ ಕುಡಿಯಲು ಕೊಡುತ್ತಿದ್ದರು. ಅಲ್ಲಿಗೆ ಮುಗಿಯಿತು. ಮರುದಿನ ಆ ಸೋಲಿನ ಮಾತು ಯಾರೂ ಎತ್ತುತ್ತಿರಲಿಲ್ಲ. ಅವನ ಅಪ್ಪನೂ ಹೀಗೆಯೇ ಬೈಸಿಕೊಂಡು ಮುದುಕನಾಗಿದ್ದ.

ಒಂದು ವರ್ಷ ಆ ಊರಿನವರು ಕನಸಿನಲ್ಲೂ ಎಣಿಸದ ಸಂಗತಿ ನಡೆಯಿತು. ಬಂದರಿನ ತಂಡ ತನ್ನ ದೇಶದಲ್ಲಿ ಎರಡನೆಯ ಸ್ಥಾನಕ್ಕೆ ಬಂತು. ಅಷ್ಟು ಮೇಲೆ ಬಂದ ತಂಡಕ್ಕೆ ಇಡೀ ಯೂರೋಪಿನ ಪಂದ್ಯಾವಳಿಯಲ್ಲಿ ಆಡುವ ಹಕ್ಕು ಸಿಗುತ್ತದೆ. ಅದೇ ವರ್ಷ ರಾಜಧಾನಿಯ ತಂಡಕ್ಕೂ ಅದೇ ಪಂದ್ಯಾವಳಿಯಲ್ಲಿ ಆಡುವ ಹಕ್ಕು ಸಿಕ್ಕಿತು. ಆದರೆ ಪಂದ್ಯಾವಳಿ ನಡೆಸುವವರಲ್ಲಿ ಒಂದು ನಿಯಮ ಇತ್ತು: ಒಂದೇ ಕೈಯಲ್ಲಿರುವ ಎರಡು ತಂಡಗಳು ಒಂದೇ ಪಂದ್ಯಾವಳಿಯಲ್ಲಿ ಆಡಕೂಡದು. ಒಂದು ಆಡಲಿ, ಇನ್ನೊಂದು ಕೆಳಗಿನ ಪಂದ್ಯಾವಳಿಗೆ ಇಳಿಯಲಿ.

ವ್ಯಾಪಾರಿಗೆ ಯಾವುದನ್ನು ಇಳಿಸಲೂ ಮನಸ್ಸು ಬರಲಿಲ್ಲ. ಎರಡೂ ಬೆವರು ಸುರಿಸಿ ಗಳಿಸಿದ್ದವು. ಕೈಗೆ ಬಂದ ತುತ್ತನ್ನು ಯಾರ ಬಾಯಿಂದ ಕಸಿಯುವುದು? ವಕೀಲರು ದಾರಿ ತೋರಿಸಿದರು. ಅವನು ಬಂದರಿನ ತಂಡವನ್ನು ಮೂವರು ಧರ್ಮದರ್ಶಿಗಳ ಕೈಗೆ ಒಪ್ಪಿಸಿದ. ಪಂದ್ಯಾವಳಿ ಮುಗಿಯುವವರೆಗೆ ತಂಡ ಅವರದು, ತಾನು ಆ ಕಡೆ ತಲೆ ಹಾಕುವುದಿಲ್ಲ ಎಂದು ಬರೆದುಕೊಟ್ಟ. ಬರೆದಂತೆ ನಡೆದ. ಫೋನು ಮಾಡಲಿಲ್ಲ, ಯಾರ ಕೈಯಲ್ಲೂ ಹೇಳಿ ಕಳಿಸಲಿಲ್ಲ. ಪಂದ್ಯಾವಳಿಯ ಕಡೆಯಿಂದ ವಿಚಾರಣೆಯವರು ಬಂದು ಕೆದಕಿ ನೋಡಿ, ಸರಿಯಾಗಿದೆ, ಎರಡೂ ಆಡಬಹುದು ಎಂದು ಹೇಳಿ ಹೋದರು. ಬಂದರಿನಲ್ಲಿ ಅಂದು ದೋಣಿಗಳಿಗೆಲ್ಲ ಬಾವುಟ ಕಟ್ಟಿದರು.

ಎರಡು ಸುತ್ತು ದಾಟಿದರು. ಮೂರನೆಯ ಸುತ್ತಿನಲ್ಲಿ ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತಿದಾಗ ಬಂದರಿನ ತಂಡಕ್ಕೆ ರಾಜಧಾನಿಯ ತಂಡ ಬಂತು. ಒಂದು ಆಟ ಇಲ್ಲಿ, ಒಂದು ಆಟ ಅಲ್ಲಿ. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊದಲ ಆಟ ಬಂದರಿನಲ್ಲಿ ನಡೆಯಿತು. ಹುಲ್ಲು ಒದ್ದೆಯಾಗಿತ್ತು. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು ಇತ್ತು, ಎರಡೂ ಕಡೆ ಗೋಲು ಆಗಿರಲಿಲ್ಲ. ರಾಜಧಾನಿಯವನೊಬ್ಬ ದೂರದಿಂದ, ಬೇರೆ ದಾರಿ ಕಾಣದೆ, ಚೆಂಡನ್ನು ಮೆಲ್ಲಗೆ ನೂಕಿದ. ಮಕ್ಕಳೂ ಹಿಡಿಯುವಂಥ ಚೆಂಡು. ಗೋಲು ಕಾಯುವವನು ಬಗ್ಗಿದ. ಬಗ್ಗಿದವನು ಮೊಣಕಾಲು ಊರಲಿಲ್ಲ. ಅಂದು ಅದು ಬಹಳ ನೋಯುತ್ತಿತ್ತು, ಇಷ್ಟು ಸಣ್ಣ ಚೆಂಡಿಗೆ ಯಾಕೆ ಎಂದುಕೊಂಡ, ಅಷ್ಟೇ. ಚೆಂಡು ಕೈಯಿಂದ ಜಾರಿ, ಎರಡು ಕಾಲಿನ ನಡುವೆ ಹಾದು, ಗೆರೆ ದಾಟಿತು.

ಸೋತು ಅವನು ಮೀನು ಪೇಟೆಗೆ ಬಂದ. ಬೈಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದ. ಇಂಥ ತಪ್ಪಿಗೆ ಎಷ್ಟು ಬೈದರೂ ಕಡಿಮೆಯೇ ಎಂದು ಅವನಿಗೇ ಅನ್ನಿಸಿತ್ತು. ಪೇಟೆಯ ಈ ಕೊನೆಯಿಂದ ಆ ಕೊನೆಯವರೆಗೆ ನಡೆದ. ಯಾರೂ ಬೈಯಲಿಲ್ಲ. ಮೀನು ಮಾರುವ ಮುದುಕಿಯೊಬ್ಬಳು, ಅವನ ಅಪ್ಪನಿಗೂ ಬೈದವಳು, ಎದ್ದು ಬಂದು ಅವನ ಚೀಲಕ್ಕೆ ಎರಡು ಮೀನು ಹಾಕಿದಳು.

"ನೀನಾದರೂ ಏನು ಮಾಡುತ್ತೀಯಪ್ಪ," ಎಂದಳು. "ಉಪ್ಪು ತಿಂದ ಮನೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು: ಧಣಿಯ ದೊಡ್ಡ ತಂಡ ಗೆಲ್ಲಲೆಂದು ಇವನು ಬೇಕೆಂದೇ ಚೆಂಡು ಬಿಟ್ಟ ಎಂದು ಅವರು ತಿಳಿದಿದ್ದರು. ಊರು ಅವನನ್ನು ಕ್ಷಮಿಸಿತ್ತು. ಅವನು ಮಾಡದೇ ಇದ್ದ ಕೆಲಸಕ್ಕೆ ಕ್ಷಮಿಸಿತ್ತು.

ಎರಡನೆಯ ಆಟಕ್ಕೆ ರಾಜಧಾನಿಗೆ ಹೋದ. ಈ ಸಲ ನೋಡಲಿ ಎಂದು ಹಲ್ಲು ಕಚ್ಚಿ ಆಡಿದ. ಮೊಣಕಾಲು ಒಡೆದರೆ ಒಡೆಯಲಿ ಎಂದು ಪ್ರತಿ ಚೆಂಡಿಗೂ ಊರಿದ. ತನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಆಡಿರಲಿಲ್ಲ. ಬಂದ ಚೆಂಡನ್ನೆಲ್ಲ ತಡೆದ, ಪೆನಾಲ್ಟಿಯನ್ನೂ ತಡೆದ. ಅವನ ಕಡೆಯವರಿಗೆ ಮಾತ್ರ ಅತ್ತ ಒಂದೂ ಗೋಲು ಹೊಡೆಯಲಾಗಲಿಲ್ಲ. ಮೊದಲ ಆಟದ ಆ ಒಂದು ಗೋಲಿನಿಂದಲೇ ಬಂದರಿನ ತಂಡ ಹೊರಬಿತ್ತು. ಊರು ಏನೆಂದಿತು ಗೊತ್ತೇ? ಇಂಥ ಚೆಂಡುಗಳನ್ನು ತಡೆಯಬಲ್ಲವನ ಕೈಯಿಂದ ಅಂಥ ಚೆಂಡು ಜಾರಿತಂತೆ, ಪಾಪ, ಎಂದಿತು. ಕಷ್ಟಪಟ್ಟು ಆಡಿದ್ದೇ ಅವನಿಗೆ ಉರುಳಾಯಿತು.

ಮನೆಗೆ ಬಂದ. ಅಪ್ಪ ಅಡುಗೆಮನೆಯಲ್ಲಿ ಕೂತಿದ್ದ. ಮಗನನ್ನು ನೋಡಿ ಕೇಳಿದ.

"ನೀನೇ ಬಿಟ್ಟೆಯೋ, ಕೈ ತಪ್ಪಿತೋ?"

"ಕೈ ತಪ್ಪಿತಪ್ಪ. ಮೊಣಕಾಲು ಊರಲಿಲ್ಲ."

"ಆಗಲಿ," ಎಂದ ಅಪ್ಪ. "ಯಾರಾದರೂ ಕೇಳಿದರೆ ಹಾಗೆಯೇ ಹೇಳೋಣ."

ಮಗ ಆ ರಾತ್ರಿ ಊಟ ಮಾಡಲಿಲ್ಲ.

ಕೆಲವು ದಿನ ಬಿಟ್ಟು ಅವನು ವ್ಯಾಪಾರಿಯ ಬಳಿಗೆ ಹೋದ. ದುಡ್ಡು ಕೇಳಲು ಬಂದಿದ್ದಾನೆ ಎಂದುಕೊಂಡ ವ್ಯಾಪಾರಿ ಕುರ್ಚಿ ತೋರಿಸಿದ. ಇವನು ಕೂರಲಿಲ್ಲ.

"ಧಣಿ, ಆ ತಪ್ಪು ನನ್ನದು. ಅದು ನನ್ನದೇ ಎಂದು ನಮ್ಮ ಊರಿಗೆ ಹೇಳಿಬಿಡಿ."

"ನಾನು ನಿನಗೆ ಏನೂ ಹೇಳಿಲ್ಲ. ಅದು ನನಗೆ ಗೊತ್ತು, ನಿನಗೆ ಗೊತ್ತು."

"ನಮ್ಮಿಬ್ಬರಿಗೆ ಗೊತ್ತಿದ್ದರೆ ಸಾಲದು ಧಣಿ. ನಾನು ಆ ಊರಿನಲ್ಲಿ ಬದುಕಬೇಕು."

ವ್ಯಾಪಾರಿಗೆ ಕರುಳು ಚುರ್ ಎಂದಿತು. ಕೆಟ್ಟವನಲ್ಲ ಎಂದೆನಲ್ಲ. ತಾನೇ ಬಂದರಿಗೆ ಬಂದ. ಮೈದಾನದಲ್ಲಿ ಊರನ್ನೆಲ್ಲ ಸೇರಿಸಿ, ನಾನು ಯಾರಿಗೂ ಸೋಲು ಎಂದು ಹೇಳಲಿಲ್ಲ, ಇವನು ನಿಜವಾಗಿಯೂ ತಪ್ಪಿದ ಎಂದು ಹೆತ್ತ ತಾಯಿಯ ಮೇಲೆ ಆಣೆ ಇಟ್ಟು ಹೇಳಿದ. ಒಂದೊಂದು ಮಾತೂ ಸತ್ಯ. ಊರಿನವರು ಮರ್ಯಾದೆಯಿಂದ ಕೇಳಿದರು. ಕೇಳಿ ಮನೆಗೆ ಹೋಗುವಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದರು. ಅಲ್ಲಿಯವರೆಗೆ ಸಂಶಯ ಇಲ್ಲದಿದ್ದ ನಾಲ್ಕು ಜನರಿಗೂ ಅಂದು ಸಂಶಯ ಬಂತು.

ಆಮೇಲೆ ವ್ಯಾಪಾರಿ ಬೇಸತ್ತು ಬಂದರಿನ ತಂಡವನ್ನು ಮಾರಿಬಿಟ್ಟ. ಈ ಸಲ ಧರ್ಮದರ್ಶಿಗಳೂ ಇಲ್ಲ, ವಕೀಲರ ಜಾಣತನವೂ ಇಲ್ಲ, ಪೂರ್ತಿ ಕೈ ತೊಳೆದುಕೊಂಡ. ಹೊಸ ಹುಡುಗ ಗೋಲು ಕಾಯಲು ಬಂದ. ಅವನು ಸೋತ ದಿನವೂ ಪೇಟೆಯವರು ಬಾಯಿ ತೆರೆಯಲಿಲ್ಲ. ಬೈಯುವ ಮೊದಲು ಯೋಚಿಸುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಯೋಚಿಸಿ ಬೈಯಲು ಯಾರಿಗೆ ಬರುತ್ತದೆ? ಆ ಪದ್ಧತಿ ಹಾಗೆಯೇ ನಿಂತುಹೋಯಿತು.

ನಮ್ಮ ಹಡಗು ಆ ಬಂದರಿಗೆ ಹೋದಾಗ ಅಡುಗೆಗೆ ಮೀನು ಆರಿಸಿಕೊಟ್ಟವನು ಆ ಹಳೆಯ ಗೋಲು ಕಾಯುವವನೇ. ಕುಂಟುತ್ತಿದ್ದ. ಕೇಳದೆಯೇ ಇಷ್ಟನ್ನೂ ಹೇಳಿದ. ಊರಿನವರ ಎದುರು ಆ ಮಾತು ಎತ್ತುವುದನ್ನು ಬಿಟ್ಟಿದ್ದನಂತೆ. ಹಡಗಿನಿಂದ ಇಳಿದ ಪರದೇಶದವರಿಗೆ ಮಾತ್ರ ಹೇಳುತ್ತಿದ್ದ. ನಾನು ನಿನ್ನನ್ನು ನಂಬುತ್ತೇನೆ ಎಂದೆ. ಅವನು ತಲೆಯಾಡಿಸಿ ಮೀನು ತೂಕ ಮಾಡಿದ. ನಾನು ನಂಬಿ ಅವನಿಗೆ ಆಗಬೇಕಾದ್ದೇನೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕಣ್ಣು ಮುಚ್ಚಿಕೊಂಡರು. ಬಸಲಿಂಗಪ್ಪ ಹೆಗಲ ಮೇಲಿನ ಟವಲಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದ. ವ್ಯಾಪಾರಿಯ ಕಡೆಯಿಂದ ಹೇಳಬಹುದಾದ ಮಾತು ಇನ್ನೂ ಒಂದಿದೆ ಎಂದು ಅವನಿಗೆ ತೋರಿತು.

"ಆದರ ಅಜ್ಜಾರ, ಆ ಧಣೀದು ತಪ್ಪೇನು? ಅಂವ ಯಾರಿಗೂ ಏನೂ ಹೇಳಿಲ್ಲಲ್ಲ."

"ಇಲ್ಲ. ಏನೂ ಹೇಳಿಲ್ಲ."

"ಮತ್ತ? ನಾನೂ ಯಾರಿಗೂ ಏನೂ ಹೇಳಾಂವಲ್ಲ."

ಗುರುಗಳು ಕಣ್ಣು ತೆರೆದು ಅವನನ್ನು ನೋಡಿದರು. ಕೋಪ ಇರಲಿಲ್ಲ, ದಣಿವಷ್ಟೇ ಇತ್ತು.

"ನೀ ಹೇಳೂದಿಲ್ಲ ಬಿಡು ಬಸಲಿಂಗಪ್ಪ, ನಾಳೆ ನಿನ್ನ ಮ್ಯಾಳದಾಗಿನವ ಒಬ್ಬ ಖರೇನ ಸೋತರ, ಅಂವ ಮನಿಗೆ ಹೋಗಿ ಏನಂತ ಹೇಳಬೇಕು?"